1902ರ ಪಟ್ಟಾಭಿಷೇಕದ ಪದಕ: ಇದು ಬೆಳ್ಳಿಯೇ? ತಾರೀಕು ತಪ್ಪಾಗಿದೆಯೇ?

ಹಳೇಪದಕ:
ಬ್ರಿಟನ್ನಿನ ರಾಜ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಒಂದು ಅರ್ಬನ್ ಡಿಸ್ಟ್ರಿಕ್ಟ್ ಕೌನ್ಸಿಲ್ (ಪಟ್ಟಣದ ಸ್ಥಳೀಯ ಆಡಳಿತ ಮಂಡಳಿ) ಶಾಲಾ ಮಕ್ಕಳಿಗೆ ಹಂಚಿದ ಪದಕ ಸಿಕ್ಕಿದೆ. ಅಗಲ 38 ಮಿ.ಮೀ., ತೂಕ 22 ಗ್ರಾಂ. ಮಾಸಲು ಬಿಳಿ ಬಣ್ಣ, ಅಲ್ಲಲ್ಲಿ ಕಪ್ಪು ಗುಳ್ಳೆ. ರಿಬ್ಬನ್ ಕೊಂಡಿ ಕಳಚಿದೆ. ಪಟ್ಟಾಭಿಷೇಕ ನಡೆದದ್ದು ಆಗಸ್ಟ್ 9ರಂದು, ಇದರಲ್ಲಿ ಜೂನ್ 26 ಎಂದಿದೆ. ಬೆಳ್ಳಿ, ತಪ್ಪು ತಾರೀಕಿನ ಅಪರೂಪದ್ದು ಎನ್ನುತ್ತಾರೆ ಮಾರಿದವರು. ಬೆಳ್ಳಿ ಹೊಳಪಿನ ದ್ರಾವಣದಲ್ಲಿ ಅದ್ದಬಹುದೇ? ಕೊಂಡಿಗೆ ಬೆಸುಗೆ ಹಾಕಿಸಬಹುದೇ?

ಠಸ್ಸೆ:
ತಾರೀಕು ತಪ್ಪಲ್ಲ. ಮೊದಲು ಗೊತ್ತಾಗಿದ್ದ ದಿನ ಜೂನ್ 26. ರಾಜನಿಗೆ ಅಪೆಂಡಿಕ್ಸ್ ತೊಂದರೆಯಾಗಿ 24ರಂದು ಶಸ್ತ್ರಚಿಕಿತ್ಸೆ ನಡೆಯಿತು, ಸಮಾರಂಭ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಪದಕಗಳು ಅಚ್ಚಾಗಿದ್ದವು. ಜೂನ್ ತಾರೀಕಿನವು ಧಾರಾಳವಾಗಿ ಸಿಗುತ್ತವೆ, ಅದಕ್ಕಾಗಿ ಹೆಚ್ಚು ಹಣ ಕೊಡಬೇಡಿ. ಪಟ್ಟವೇ ಕಟ್ಟಿಕೊಳ್ಳದ ಎಂಟನೇ ಎಡ್ವರ್ಡ್‌ನ 1937ರ ಪದಕಗಳಿಗೂ ಇದೇ ಮಾತು.

ಬೆಲೆ ಇರುವುದು ಹಿಂಬದಿಗೆ. ರಾಜ-ರಾಣಿಯರ ಮುಂಬದಿಯ ಅಚ್ಚು ಬರ್ಮಿಂಗ್‌ಹ್ಯಾಮ್‌ನಂಥ ಕಡೆ ತಯಾರಕರ ಬಳಿ ಸಿದ್ಧವಿರುತ್ತಿತ್ತು, ಅದನ್ನೇ ಹಲವು ಊರುಗಳಿಗೆ ಬಳಸುತ್ತಿದ್ದರು. ಊರಿನ ಲಾಂಛನ, ಚೇರ್ಮನ್ ಹೆಸರು ಇರುವ ಹಿಂಬದಿ ಮಾತ್ರ ಆಯಾ ಕೌನ್ಸಿಲ್‌ಗೆಂದೇ ಕೆತ್ತಿದ್ದು. ಸಣ್ಣ ಊರಿನದಾದರೆ ಸಿಗುವುದೇ ಕಷ್ಟ.

ತವರಬೆಳ್ಳಿ:
ಲೋಹವನ್ನು ನೀವೇ ಪರೀಕ್ಷಿಸಬಹುದು. 0.1 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಪದಕವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಅಂಚಿಗೂ ತಾಗದಂತೆ ಇಳಿಬಿಡಿ. ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ಒಮ್ಮೆ ಅಲುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. ಸ್ಟರ್ಲಿಂಗ್ ಬೆಳ್ಳಿಯಾದರೆ (ಶೇ. 92.5 ಬೆಳ್ಳಿ) ಸುಮಾರು 10.3, ತವರದ ಮಿಶ್ರಲೋಹವಾದರೆ 7.3ರ ಆಸುಪಾಸು, ಅಲ್ಯೂಮಿನಿಯಂ ಆದರೆ 2.7. ಕೂಡಲೇ ಒರೆಸಿ ಒಣಗಿಸಿ.

ಹಳೇಪದಕ:
3.0 ಗ್ರಾಂ ತೋರಿಸಿತು. ಅಂದರೆ 7.3.

ತವರಬೆಳ್ಳಿ:
ಹಾಗಾದರೆ ವೈಟ್ ಮೆಟಲ್, ತವರದ ಮಿಶ್ರಲೋಹ. ದ್ರಾವಣ ಬೇಡವೇ ಬೇಡ. ಅದರಲ್ಲಿರುವ ಆಮ್ಲ ಪದಕದ ಮೂಲ ಹೊಳಪನ್ನು ತಿಂದುಹಾಕುತ್ತದೆ. ಕಪ್ಪು ಗುಳ್ಳೆ ಮೇಲಿನ ಕೊಳೆಯಲ್ಲ, ತವರವೇ ಆಕ್ಸೈಡ್ ಆಗಿ ಉಬ್ಬಿದ್ದು. ಕೆರೆದರೆ ಕೆಳಗೆ ಕುಳಿ ಉಳಿಯುತ್ತದೆ. ಬೆಸುಗೆಯೂ ಬೇಡ. ಈ ಲೋಹ 240 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ, ಸಾಮಾನ್ಯ ಬೆಸುಗೆಯ ಬಿಸಿಗೇ ಅಂಚು ಇಳಿದುಹೋಗಬಹುದು. ತೂತು ಸರಿಯಿದ್ದರೆ ತೆಳುವಾದ ಸಣ್ಣ ಹಿತ್ತಾಳೆ ಉಂಗುರವನ್ನು ಇಕ್ಕಳದಿಂದ ಪಕ್ಕಕ್ಕೆ ತಿರುಚಿ ತೆರೆದು ಪೋಣಿಸಿ, ಹಾಗೆಯೇ ಮುಚ್ಚಿ.

ಠಸ್ಸೆ:
ಇನ್ನೊಂದು ಮಾತು, ಕಾಲ ನಿರ್ಧರಿಸಲು ಕೌನ್ಸಿಲ್ ಹೆಸರೇ ಸಾಕ್ಷಿ. ಅರ್ಬನ್ ಡಿಸ್ಟ್ರಿಕ್ಟ್‌ಗಳು ಬಂದದ್ದು 1894ರ ಕಾಯ್ದೆಯಿಂದ. ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ 1887ರ ಪದಕದಲ್ಲಿ ಆ ಹೆಸರಿದ್ದರೆ ಅನುಮಾನಿಸಿ. ಲಂಡನ್ನಿನ ಮೆಟ್ರೊಪಾಲಿಟನ್ ಬರೋಗಳು (ನಗರದೊಳಗಿನ ಆಡಳಿತ ವಿಭಾಗಗಳು) 1900ರಲ್ಲಿ ಆದವು, ಹಾಗಾಗಿ ಅದೇ ರಾಣಿಯ 1897ರ ವಜ್ರ ಮಹೋತ್ಸವದ ಪದಕದಲ್ಲಿ ಅವು ಇರಬಾರದು. ಎಷ್ಟು ಮಾಡಿಸಿದರು ಎಂಬುದಕ್ಕೆ ಲ್ಯಾಂಕಾಷೈರ್ ದಾಖಲೆ ಭಂಡಾರದಲ್ಲಿ ಆ ಕೌನ್ಸಿಲ್‌ನ 1902ರ ನಡಾವಳಿ ಪುಸ್ತಕ ಉಳಿದಿದೆಯೇ ಕೇಳಿ, ಏಪ್ರಿಲ್‌ನಿಂದ ಜೂನ್‌ವರೆಗಿನ ಪುಟ ನೋಡಿ.

ಇಡುವಾಗ ಪಿವಿಸಿ ಚೀಲ ಬಿಟ್ಟು ಪಾಲಿಯೆಸ್ಟರ್ ಲಕೋಟೆ ಬಳಸಿ, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇರಲಿ. ಹಳೆಯ ರಿಬ್ಬನ್ ಇದ್ದರೆ ತೊಳೆಯಬೇಡಿ, ಬಣ್ಣ ಬಿಡುತ್ತದೆ.