ಪದಚರ್ಚೆ: ‘ಸ್ನಾಯು ಸಡಿಲಿಸುವ ಇಂಜೆಕ್ಷನ್’ – ಎರಡು ಬಗೆಯ ಮದ್ದಿಗೆ ಒಂದೇ ಹೆಸರೇ?

ಬಳಗದವರಿಗೆ ನಮಸ್ಕಾರ.

ಶಸ್ತ್ರಚಿಕಿತ್ಸೆಗೆ ದಾಖಲಾಗುವವರಿಗೆ ಕೊಡುವ ಅರಿವಳಿಕೆಯ ಮಾಹಿತಿ ಪತ್ರವೊಂದನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರು ಓದಿ ಸಹಿ ಹಾಕಬೇಕಾದ ಕಾಗದ ಇದು. ಒಂದು ಪದ ಮುಂದಕ್ಕೆ ಬಿಡುತ್ತಿಲ್ಲ.

ಆಪರೇಷನ್ ವೇಳೆ ಅರಿವಳಿಕೆಯ ಜೊತೆ ಕೊಡುವ ವೆಕ್ಯುರೋನಿಯಂ, ಅಟ್ರಾಕ್ಯೂರಿಯಂ, ಸಕ್ಸಿನೈಲ್‌ಕೋಲಿನ್ – ಇವನ್ನು ‘ಸ್ನಾಯು ಸಡಿಲಿಸುವ ಔಷಧ’ ಎಂದು ಬರೆಯುವುದು ರೂಢಿ. ಸೊಂಟ ಹಿಡಿದಾಗ ಕ್ಲಿನಿಕ್ಕಿನಲ್ಲಿ ಚುಚ್ಚುವ ಥಯೋಕಾಲ್ಚಿಕೋಸೈಡಿಗೂ ಅದೇ ಹೆಸರು. ಅದನ್ನು ಹಾಕಿಸಿಕೊಂಡವರು ಮನೆಗೆ ಹೋಗುತ್ತಾರೆ. ವೆಕ್ಯುರೋನಿಯಂ ಹಾಗಲ್ಲ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ಅದು ತಡೆಯುತ್ತದೆ. ಸುಮಾರು 3 ನಿಮಿಷಗಳಲ್ಲಿ ರೆಪ್ಪೆ, ಕೈಕಾಲು, ಕೊನೆಗೆ ಉಸಿರಾಡಿಸುವ ವಪೆಯೂ ನಿಲ್ಲುತ್ತದೆ. ಸಾಮಾನ್ಯ ಪ್ರಮಾಣದಲ್ಲಿ ಇದು 25ರಿಂದ 40 ನಿಮಿಷ ಇರುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ. ಎಚ್ಚರ ಮತ್ತು ನೋವನ್ನು ಈ ಮದ್ದು ಮುಟ್ಟುವುದೇ ಇಲ್ಲ. ನಿದ್ದೆ ಬರಿಸುವ ಮದ್ದು ಜೊತೆಗಿಲ್ಲದಿದ್ದರೆ ರೋಗಿಗೆ ಎಲ್ಲವೂ ಕೇಳಿಸುತ್ತದೆ, ಒಂದು ಬೆರಳನ್ನೂ ಎತ್ತಲಾಗುವುದಿಲ್ಲ. ಕೃತಕ ಉಸಿರಾಟ ಕೊಡಬಲ್ಲ ವೈದ್ಯರೂ ಯಂತ್ರವೂ ಪಕ್ಕದಲ್ಲಿ ಇಲ್ಲದೆ ಇದನ್ನು ಕೊಡುವಂತಿಲ್ಲ.

2017ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಸ್ಕ್ಯಾನಿಗೆ ಬಂದಿದ್ದ ವೃದ್ಧೆಗೆ ಮಂಪರು ಬರಿಸುವ ಮಿಡಜೋಲಾಂ ಬದಲು ವೆಕ್ಯುರೋನಿಯಂ ಕೊಟ್ಟು, ಆಕೆ ತೀರಿಕೊಂಡರು. ಇಂಥ ಅದಲುಬದಲು ಆಗದಿರಲೆಂದೇ ಈ ಸೀಸೆಗಳನ್ನು ಬೇರೆ ಪೆಟ್ಟಿಗೆಯಲ್ಲಿಡುತ್ತಾರೆ, ಸಿರಿಂಜಿಗೆ ಕೆಂಪು ಪಟ್ಟಿ ಅಂಟಿಸುತ್ತಾರೆ. ಆಪರೇಷನ್ ಕೋಣೆಯಲ್ಲಿ ಇಷ್ಟು ಬೇರೆಯಾಗಿರುವ ಮದ್ದು ನಮ್ಮ ಕನ್ನಡದಲ್ಲಿ ಮಾತ್ರ ಸೊಂಟನೋವಿನ ಸೂಜಿಯ ಜೊತೆ ಕುಳಿತಿರುವುದು ನನಗೆ ಸರಿಕಾಣುವುದಿಲ್ಲ.

ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಕನ್ನಡ ಪಠ್ಯಗಳಲ್ಲಿ ಸ್ನಾಯು ಎಂದರೆ ಮಾಂಸಖಂಡ. ಕೇರಳದ ಮಲಯಾಳ ಪಠ್ಯಗಳಲ್ಲಿ ಅದಕ್ಕೆ ‘ಪೇಶಿ’. ಅಲ್ಲಿ ‘ಸ್ನಾಯು’ ಎಂದರೆ ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜು. ಎರಡೂ ಭಾಷೆಗಳಲ್ಲಿ ಓದಿದವರು ಎಲ್ಲಿಯದನ್ನು ಹಿಡಿದುಕೊಳ್ಳಬೇಕು? ಮನೆಮಾತಿನಲ್ಲಿ ಎಲ್ಲದಕ್ಕೂ ‘ನರ’ ಎನ್ನುವವರೂ ಇದ್ದಾರೆ.

‘ಸ್ನಾಯುಸ್ತಂಭಕ’ ಎಂದು ಯೋಚಿಸಿದೆ. ಆದರೆ ಆಯುರ್ವೇದದಲ್ಲಿ ಸ್ತಂಭವೆಂದರೆ ಬಿಗಿತ. ಮನ್ಯಾಸ್ತಂಭ ಎಂದರೆ ಕುತ್ತಿಗೆ ಸೆಟೆದುಕೊಳ್ಳುವುದು. ಈ ಮದ್ದು ಮಾಡುವುದು ಅದರ ತದ್ವಿರುದ್ಧ. ‘ಲಕ್ವ ತರಿಸುವ ಮದ್ದು’ ಎಂದರೆ ಯಾರೂ ಸಹಿ ಹಾಕಲಾರರು, ಅದು ನಿಜವೂ ಅಲ್ಲ. ಮದ್ದಿನ ಪ್ರಭಾವ ಇಳಿದ ಮೇಲೆ ಬಲ ಮರಳುತ್ತದೆ. ಸದ್ಯಕ್ಕೆ ‘ಮಾಂಸಖಂಡ ತಡೆಮದ್ದು’ ಎಂದು ಬರೆದು, ಕೆಳಗೆ ದಪ್ಪಕ್ಷರದಲ್ಲಿ ‘ಇದು ಸ್ವಂತ ಉಸಿರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ, ಆ ಹೊತ್ತಿಗೆ ಯಂತ್ರದಿಂದ ಉಸಿರು ಕೊಡುತ್ತಾರೆ’ ಎಂದು ಸೇರಿಸಿದ್ದೇನೆ. ಹೆಸರು ಬದಲಾದರೂ ಈ ಸಾಲನ್ನು ನಾನು ಬಿಡುವುದಿಲ್ಲ. ‘ತಡೆಮದ್ದು’ ಎಂದರೆ ರೋಗ ಬಾರದಂತೆ ತಡೆಯುವ ಲಸಿಕೆಯ ನೆನಪಾಗುತ್ತದೆಯೇ? ಬೇರೆ ಪದವಿದ್ದರೆ ತಿಳಿಸಿ.

ಇನ್ನೊಂದು ಸಾಲಿಗೂ ನೆರವು ಬೇಕು. ಸಕ್ಸಿನೈಲ್‌ಕೋಲಿನ್ ಅನ್ನು ರಕ್ತದಲ್ಲಿ ಒಡೆಯುವ ಕಿಣ್ವ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕಡಿಮೆ. ದಕ್ಷಿಣ ಭಾರತದ ಆರ್ಯವೈಶ್ಯರಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಅಂಥವರಿಗೆ ಕೆಲವೇ ನಿಮಿಷದ ಮದ್ದು ಗಂಟೆಗಟ್ಟಲೆ ಹಿಡಿದಿಡುತ್ತದೆ. ಅದಕ್ಕೇ ಪತ್ರದಲ್ಲಿ ಈ ಪ್ರಶ್ನೆ: ‘ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಆಪರೇಷನ್ ಮುಗಿದ ಮೇಲೆ ಸ್ವಂತ ಉಸಿರಾಟ ಮರಳುವುದು ತಡವಾಗಿತ್ತೇ?’ ಅಜ್ಜಿಯೊಬ್ಬರಿಗೆ ಓದಿ ಹೇಳಿದರೆ ಇದು ಒಂದೇ ಸಲಕ್ಕೆ ತಿಳಿಯುತ್ತದೆಯೇ, ಇನ್ನೂ ಬಿಡಿಸಿ ಕೇಳಬೇಕೇ?