ಮುಳುಗಿಸಿದ ಯುದ್ಧನೌಕೆಯೊಳಗೆ ಹೊಸಬರು ಹೋಗಬಹುದಾ?

ವಿದ್ಯಾನಗರದವ, ಹುಬ್ಬಳ್ಳಿ:
ನೌಕಾಪಡೆಯಿಂದ ನಿವೃತ್ತಿಯಾದ ಗುಲ್ದಾರ್ ಹಡಗನ್ನು ಮಹಾರಾಷ್ಟ್ರದ ಸಿಂಧುದುರ್ಗದ ನಿವತಿ ಹತ್ತಿರ ಸಮುದ್ರದಲ್ಲಿ ಮುಳುಗಿಸಿ ಮ್ಯೂಸಿಯಂ ಮಾಡುವ ಯೋಜನೆ ಬಗ್ಗೆ ಓದಿದಾಗಿನಿಂದ ತಲೆಯಲ್ಲಿ ಅದೇ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿದ್ದೇನೆ, ಇನ್‌ಸ್ಟ್ರಕ್ಟರ್ ಹಿಡಿದುಕೊಂಡೇ ಇದ್ದರು. ಸರ್ಟಿಫಿಕೇಟ್ ಇಲ್ಲ. ಇಂಥ ಹಡಗಿನೊಳಗೆ ನನ್ನಂಥವರನ್ನು ಬಿಡುತ್ತಾರಾ?

ಸಾಧನಕೇರಿ ಅಕ್ಕ, ಧಾರವಾಡ:
ಬಿಡಲ್ಲ. ಬಿಟ್ಟರೂ ಹೋಗಬೇಡ ತಮ್ಮಾ. ತಂಗಿ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋದಾಗ ಮೂಲೂಲಾಬಾ ಹತ್ತಿರ ಬ್ರಿಸ್ಬೇನ್ ಹಡಗು ನೋಡಿದೆ. 133 ಮೀಟರ್ ಉದ್ದದ ಡಿಸ್ಟ್ರಾಯರ್, ವಿಯೆಟ್ನಾಂ ಯುದ್ಧಕ್ಕೂ ಹೋಗಿತ್ತು. 2005ರಲ್ಲಿ ಮುಳುಗಿಸಿದ್ದಾರೆ. ಬಾಗಿಲು ಕಿತ್ತು, ಪಕ್ಕಕ್ಕೆ ದೊಡ್ಡ ತೂತು ಕೊರೆದಿದ್ದಾರೆ. ಆದರೂ ಒಳಗೆ ಒಂದು ಸಲ ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಜೋರಾಗಿ ಬಡಿದರೆ ಹೂಳೆಲ್ಲ ಎದ್ದು, ಬಂದ ದಾರಿಯೇ ಕಾಣಲ್ಲ. ತಲೆ ಮೇಲೆ ಉಕ್ಕು. ಗಾಬರಿಯಾದರೆ ನೇರ ಮೇಲೇಳುವ ಹಾಗಿಲ್ಲ. ಅದಕ್ಕೆ ಬೇರೆ ತರಬೇತಿಯೇ ಬೇಕು.

ನಾನು ಹೊರಗಿನಿಂದಲೇ ಸುತ್ತಿದೆ. ಒಂದು ದಪ್ಪ ಮೀನು, ಬಾಡಿಗೆ ಕೇಳಲು ಬಂದವಳನ್ನು ಮನೆ ಮಾಲೀಕ ನೋಡುವ ಹಾಗೆ, ಒಳಗಿನಿಂದ ನನ್ನನ್ನೇ ನೋಡುತ್ತಿತ್ತು! ತಳ 27 ಮೀಟರ್ ಆಸುಪಾಸು, ಆದರೆ ಹೊಗೆ ಕೊಳವೆಗಳ ತುದಿ ತುಂಬಾ ಮೇಲಿದೆ. ಓಪನ್ ವಾಟರ್ ಅನ್ನುವ ಮೊದಲ ಹಂತದ ಸ್ಕೂಬಾ ಕೋರ್ಸ್ ಮುಗಿಸಿದವರ ಮಿತಿ 18 ಮೀಟರ್. ಅಷ್ಟರಲ್ಲೇ ಬೇಕಾದಷ್ಟು ನೋಡಬಹುದು.

ಗ್ಯಾರೇಜ್ ಮಂದಿ, ಗದಗ:
ಹಡಗು ಅಂದರೆ ಡೀಸೆಲ್, ಗ್ರೀಸ್, ಬಣ್ಣ. ಅದನ್ನು ಸಮುದ್ರಕ್ಕೆ ಹಾಕಿ ಮೀನಿಗೆ ಮನೆ ಅನ್ನುವುದು ಯಾವ ನ್ಯಾಯ? ಗುಜರಿಗೆ ಕೊಟ್ಟರೆ ಉಕ್ಕಾದರೂ ಸಿಗುತ್ತದೆ.

ಸಾಧನಕೇರಿ ಅಕ್ಕ:
ಸುಮ್ನೆ ತಳ್ಳಿಹಾಕುವ ಮಾತಲ್ಲ ಅಣ್ಣಾ. ಎಣ್ಣೆ ತೆಗೆದು, ತೊಳೆದೇ ಮುಳುಗಿಸಬೇಕು. ಜಾಸ್ತಿ ಕಾಟ ಹಳೆ ವೈರುಗಳ ಹೊದಿಕೆಯದು, ಅದರಲ್ಲಿ ಪಿಸಿಬಿ ಅನ್ನುವ ವಿಷ ಇರುತ್ತದೆ. 2006ರಲ್ಲಿ ಫ್ಲಾರಿಡಾ ಬಳಿ ಅಮೆರಿಕದವರು ಒರಿಸ್ಕನಿ ವಿಮಾನವಾಹಕ ನೌಕೆ ಮುಳುಗಿಸಿದಾಗ ಅದರಲ್ಲಿ ಪಿಸಿಬಿ ಉಳಿದೇ ಇತ್ತು. ಮೀನು ಬರುವುದಂತೂ ನಿಜ. ಬರೀ ಮರಳಿನ ತಳದಲ್ಲಿ ಪಾಚಿ, ಸ್ಪಂಜು, ಹವಳಕ್ಕೆ ಹಿಡಿದುಕೊಳ್ಳಲು ಗಟ್ಟಿ ಜಾಗ ಇರಲ್ಲ. ಉಕ್ಕು ಸಿಕ್ಕರೆ ಅವು ಕೂರುತ್ತವೆ. ಅವುಗಳ ಹಿಂದೆ ಸಣ್ಣ ಮೀನು, ಸಣ್ಣದರ ಹಿಂದೆ ದೊಡ್ಡದು.

ವಿದ್ಯಾನಗರದವ:
ಹಾಗಾದರೆ ಮೊದಲು ನೇತ್ರಾಣಿಯಲ್ಲೇ ಕೋರ್ಸ್. ಶನಿವಾರ, ಭಾನುವಾರ ಸಾಕಾ ಅಕ್ಕಾ? ಭಾನುವಾರ ರಾತ್ರಿ ಮನೆಗೆ ಬರಬೇಕು.

ಸಾಧನಕೇರಿ ಅಕ್ಕ:
ಸಾಲದು, 3-4 ದಿನ ಬೇಕು. ಮತ್ತೆ ಡೈವ್ ಮುಗಿಸಿ ಅದೇ ಸಂಜೆ ಅರಬೈಲ್ ಘಟ್ಟ ಹತ್ತಬೇಡ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರ್‌ಗೂ ಮೇಲಿದೆ ಅಲ್ವಾ? ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಎತ್ತರಕ್ಕೆ ಬಂದಾಗ ಗುಳ್ಳೆ ಕಟ್ಟಬಹುದು. ಕೀಲುನೋವು ಬಂದರೆ ಪುಣ್ಯ, ಕೈಕಾಲು ಬೀಳುವುದೂ ಉಂಟು. ವಿಮಾನ ಹತ್ತುವವರಿಗೆ 18 ಗಂಟೆ ಕಾಯಲು ಹೇಳುತ್ತಾರೆ. ಘಟ್ಟಕ್ಕೂ ಅಷ್ಟೇ ಕಾಯುವುದು ಒಳ್ಳೇದು. ಶುಕ್ರವಾರ, ಸೋಮವಾರ ಎರಡೂ ದಿನ ರಜೆ ಹಾಕು.