ಅಪ್‌ಡೇಟ್: ನೀರಿನ ಗಟಾರದ ವಾಸನೆ, ಮೂಲ ಸಿಕ್ಕಿತು

ಮುಂಬೈಯ ನಮ್ಮ ಸೊಸೈಟಿಯಲ್ಲಿ ಬೆಳಗಿನ ನೀರು ಗಟಾರದ ಹಾಗೆ ನಾರುತ್ತಿದೆ, ದೂರು ಹೇಗೆ ಕೊಡಲಿ ಎಂದು ಕೇಳಿದ್ದೆ. ಈಗ ಸರಿಹೋಗಿದೆ.

ಮುಂಬೈ ಪಾಲಿಕೆಯ ಸಹಾಯವಾಣಿ 1916ಕ್ಕೆ ಕೊಟ್ಟ ಮೊದಲ ದೂರಿನಲ್ಲಿ ‘ನೀರು ಕೆಟ್ಟಿದೆ’ ಎಂದಷ್ಟೇ ಬರೆಸಿದ್ದು ನಮ್ಮ ತಪ್ಪು. ಎರಡನೆಯದರಲ್ಲಿ ನೀರು ಬಿಡುವ ಹೊತ್ತು, ನೀರಿನ ಬಿಲ್ಲಿನ ಮೇಲಿನ ನಲ್ಲಿ ಸಂಪರ್ಕದ ಸಂಖ್ಯೆ, ವಾಸನೆ ಮೊದಲ 15 ನಿಮಿಷ ಮಾತ್ರ ಎಂಬುದನ್ನೂ ಸೇರಿಸಿದೆವು. ಆ 15 ನಿಮಿಷವೇ ಸುಳಿವು: ನೀರು ನಿಂತಾಗ ಪೈಪಿನ ಒತ್ತಡ ಇಳಿದು, ತೂತಿದ್ದಲ್ಲಿ ಹೊರಗಿನ ಕೊಳೆ ಒಳಗೆ ನುಗ್ಗುತ್ತದೆ. ದಿನವಿಡೀ ವಾಸನೆಯಿದ್ದರೆ ಮೊದಲು ಸ್ವಂತ ಟಾಂಕಿ ನೋಡಿ.

ಸ್ಯಾಂಪಲ್ಲನ್ನು ಟಾಂಕಿಯಿಂದಲ್ಲ, ಮೀಟರಿನ ಬಳಿಯೇ ತೆಗೆಸಿ. ಉಳಿಕೆ ಕ್ಲೋರಿನ್ (ಕ್ರಿಮಿ ಕೊಲ್ಲಲು ಹಾಕಿದ್ದರಲ್ಲಿ ನೀರಲ್ಲಿ ಉಳಿದದ್ದು; ಕೊಳೆ ಬೆರೆತರೆ ಇಳಿಯುತ್ತದೆ) ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಇರಬೇಕು, ನಮ್ಮಲ್ಲಿ ಸೊನ್ನೆ, ಪಕ್ಕದ ಕಟ್ಟಡದಲ್ಲಿ ಸರಿಯಿತ್ತು. ಅಂದರೆ ದೋಷ ಬೀದಿಯ ದೊಡ್ಡ ಕೊಳವೆಯದಲ್ಲ, ನಮ್ಮದೇ ಕವಲಿನದು. ಅಗೆದು ನೋಡಿದರೆ ಗಟಾರ ದಾಟುವ ಕಡೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ತುಕ್ಕು ಹಿಡಿದು ಜರಡಿಯಾಗಿತ್ತು. (ಪಾಲಿಕೆಯನ್ನು ಬೈದದ್ದೆಲ್ಲ ದಂಡ.) ಲೈಸೆನ್ಸ್ ಇರುವ ಪ್ಲಂಬರ್‌ನಿಂದ ಬದಲಿಸಿ, ಗಟಾರದ ಮೇಲಿಂದ ಹಾಯಿಸಿದ್ದೇವೆ. ನೆಲದ ಟಾಂಕಿ, ಮಾಳಿಗೆಯ ಟಾಂಕಿ ಎರಡನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ಮೇಲೇ ಹೊಸ ನೀರು ತುಂಬಿಸಿ. ಎರಡನೇ ಸ್ಯಾಂಪಲ್‌ನ ವರದಿ ಕೈಗೆ ಬರುವವರೆಗೆ ದೂರು ಮುಚ್ಚಲು ಒಪ್ಪಬೇಡಿ.